ಡುಲೂತ್‌ನಲ್ಲಿ ಮನೆ ಹಿಡಿಯುವ ಮೊದಲು ಗುಡ್ಡದ ಎತ್ತರ ನೋಡಿ

ಪ್ರಶ್ನೆ: ನಮ್ಮ ಯಜಮಾನರಿಗೆ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ನಲ್ಲಿ, ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ನಾವು ದಾವಣಗೆರೆಯವರು. ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ. ಆಗಸ್ಟ್‌ನಲ್ಲಿ ಹೊರಡಬೇಕು. ಅಲ್ಲಿ ಮೈನಸ್ 30 ಡಿಗ್ರಿ ಚಳಿ, ಆರು ತಿಂಗಳು ಮನೆಯೊಳಗೇ ಕೂರಬೇಕು ಅಂತ ಕೆಲವರು ಹೆದರಿಸುತ್ತಾರೆ. ಹವಾಮಾನ ಬದಲಾವಣೆಗೆ ಸಿಗದ ಸುರಕ್ಷಿತ ಊರು ಅಂತ ಇನ್ನು ಕೆಲವರು ಹೊಗಳುತ್ತಾರೆ. ಎಂಥ ಮನೆ ನೋಡಬೇಕು? ಮಕ್ಕಳನ್ನು ಹೊರಗೆ ಆಡಲು ಬಿಡಬಹುದೇ? ಅತ್ತೆ-ಮಾವನನ್ನು ಯಾವ ತಿಂಗಳಲ್ಲಿ ಕರೆಸಿಕೊಳ್ಳುವುದು ಒಳ್ಳೆಯದು?

ಉತ್ತರ: ಮನೆಯೊಳಗೆ ಕೂರಬೇಕಾಗಿಲ್ಲ, ಕೂರಲೂಬಾರದು. ಡುಲೂತ್‌ಗೆ ಬಂದು ಸೋತು ವಾಪಸ್ ಹೋಗುವವರಲ್ಲಿ ಹೆಚ್ಚಿನವರು ಜನವರಿಯ ಚಳಿಗೆ ಸೋಲುವುದಿಲ್ಲ. ಏಪ್ರಿಲ್-ಮೇ ತಿಂಗಳ ತಣ್ಣನೆಯ, ಮಂಜು ಕವಿದ, ಮುಗಿಯದ ವಸಂತಕ್ಕೆ ಸೋಲುತ್ತಾರೆ. ಸೋರುವ ಮನೆಗೆ, ಕಡಿದಾದ ಬೀದಿಗೆ ಸೋಲುತ್ತಾರೆ. ಆದ್ದರಿಂದ ಚಳಿಯ ಅಂಕಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಮೊದಲು ಊರಿನ ಆಕಾರ ತಿಳಿದುಕೊಳ್ಳಿ.

ಸುಮಾರು 86 ಸಾವಿರ ಜನರ ಈ ಊರು ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿ, ದಂಡೆಗುಂಟ 40 ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿದೆ. ಅಗಲ ಮಾತ್ರ ಕಡಿಮೆ. ನೀರಿನ ಅಂಚಿನಿಂದಲೇ ಗುಡ್ಡ ಏರುತ್ತದೆ. ಸರೋವರದ ಮಟ್ಟ ಸಮುದ್ರಕ್ಕಿಂತ 183 ಮೀಟರ್ ಮೇಲಿದ್ದರೆ, ಗುಡ್ಡದ ಮೇಲಿನ ವಿಮಾನ ನಿಲ್ದಾಣ 435 ಮೀಟರ್‌ನಲ್ಲಿದೆ. ಕಾರಿನಲ್ಲಿ ಹದಿನೈದು ನಿಮಿಷದ ದಾರಿಯಲ್ಲಿ 250 ಮೀಟರ್ ಏರಿಕೆ. ಸರೋವರವಂತೂ 82 ಸಾವಿರ ಚದರ ಕಿಲೋಮೀಟರ್. ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಅಷ್ಟು ನೀರು ಬೇಗ ಬಿಸಿಯಾಗುವುದಿಲ್ಲ, ಬೇಗ ತಣಿಯುವುದೂ ಇಲ್ಲ. ಹಾಗಾಗಿ ಒಂದೇ ಊರಲ್ಲಿ ಎರಡು ಹವಾಮಾನ.

ಮೇ ತಿಂಗಳ ಒಂದು ಮಧ್ಯಾಹ್ನ ತೆಗೆದುಕೊಳ್ಳಿ. ನೀರು ಇನ್ನೂ 3-4 ಡಿಗ್ರಿಯಲ್ಲಿದೆ. ಪೂರ್ವದ ಗಾಳಿ ಎದ್ದರೆ ದಂಡೆಯ ಕೆನಾಲ್ ಪಾರ್ಕ್ ಬಳಿ 6 ಡಿಗ್ರಿ, ಜನ ಜಾಕೆಟ್ ಹಾಕಿಕೊಂಡು ಓಡಾಡುತ್ತಿರುತ್ತಾರೆ. ಅದೇ ಹೊತ್ತಿಗೆ ಗುಡ್ಡದ ಮೇಲೆ ಮಿಲ್ಲರ್ ಹಿಲ್ ಮಾಲ್ ಬಳಿ 18 ಡಿಗ್ರಿ, ತೋಳಿಲ್ಲದ ಅಂಗಿ. ಟಿವಿಯ ಹವಾಮಾನ ವರದಿಯಲ್ಲಿ ‘ಸರೋವರದ ಹತ್ತಿರ ಇನ್ನೂ ತಂಪು’ ಎಂಬ ಮಾತು ಏಪ್ರಿಲ್‌ನಿಂದ ಜುಲೈವರೆಗೆ ಹೆಚ್ಚುಕಡಿಮೆ ದಿನವೂ ಬರುತ್ತದೆ. ಜುಲೈ ಕೊನೆಯಲ್ಲಿ ಅದೇ ತಂಪು ವರವಾಗುತ್ತದೆ. ಡಿಸೆಂಬರ್‌ನಲ್ಲಿ ಲೆಕ್ಕ ತಿರುಗುಮುರುಗು: ಇನ್ನೂ ಹೆಪ್ಪುಗಟ್ಟದ ನೀರು ದಂಡೆಯನ್ನು ಕೆಲವು ಡಿಗ್ರಿ ಬೆಚ್ಚಗಿಡುತ್ತದೆ, ಕೆಳಗೆ ಮಳೆ ಬೀಳುವಾಗ ಮೇಲೆ ಹಿಮ ಬೀಳುತ್ತಿರುತ್ತದೆ. ಸರೋವರದ ಕಡೆಯಿಂದ ಬರುವ ಒದ್ದೆ ಗಾಳಿ ಗುಡ್ಡ ಹತ್ತುವಾಗ ತಣಿದು ಅಲ್ಲೇ ಹಿಮ ಸುರಿಸುವುದರಿಂದ ಮೇಲಿನವರು ಹೆಚ್ಚು ಹಿಮ ತೋಡುತ್ತಾರೆ.

ಈಗ ಅಂಕಿಗಳು. ವಿಮಾನ ನಿಲ್ದಾಣದ ಸರಾಸರಿಯಂತೆ ಜನವರಿಯ ಹಗಲು ಮೈನಸ್ 7, ರಾತ್ರಿ ಮೈನಸ್ 17ರ ಆಸುಪಾಸು. ಜುಲೈ ಹಗಲು 24-25, ರಾತ್ರಿ 13. ವರ್ಷಕ್ಕೆ ಸರಾಸರಿ 90 ಇಂಚು, ಅಂದರೆ 230 ಸೆಂಟಿಮೀಟರ್ ಹಿಮ. ನಿಮ್ಮನ್ನು ಹೆದರಿಸಿದವರು ಹೇಳಿದ ಮೈನಸ್ 30 ಸುಳ್ಳಲ್ಲ, ಆದರೆ ಅದು ಚಳಿಗಾಲದ ಕೆಲವೇ ರಾತ್ರಿಗಳ ಮಾತು. ಆ ರಾತ್ರಿಗಳಲ್ಲಿ ಊರು ನಿಂತುಹೋಗುವುದಿಲ್ಲ.

ಎಲ್ಲಿ ಮನೆ?

ಎರಡು ದೊಡ್ಡ ಆಸ್ಪತ್ರೆಗಳೂ ಡೌನ್‌ಟೌನ್‌ನ ಪೂರ್ವ ಬದಿಯಲ್ಲಿ, ಗುಡ್ಡದ ಕೆಳಭಾಗದಲ್ಲಿವೆ. ರಾತ್ರಿ ಪಾಳಿ, ತುರ್ತು ಕರೆ ಇರುವ ಕೆಲಸವಾದರೆ ಅಲ್ಲಿಂದ ಹತ್ತು ನಿಮಿಷದೊಳಗೆ ಮನೆ ಹಿಡಿಯಿರಿ. ಹಿಮಬಿರುಗಾಳಿಯ ರಾತ್ರಿ ಆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ಚಿಕ್ಕ ಮಕ್ಕಳಿರುವ ನಿಮ್ಮಂಥ ಕುಟುಂಬಕ್ಕೆ ಚೆಸ್ಟರ್ ಪಾರ್ಕ್, ಕೆನ್‌ವುಡ್, ವುಡ್‌ಲ್ಯಾಂಡ್, ಹಂಟರ್ಸ್ ಪಾರ್ಕ್ ಕಡೆಯ ಮಧ್ಯದ ಎತ್ತರವೇ ಸರಿ. ದಂಡೆಯ ಮಂಜು ಅಷ್ಟು ಕಾಡುವುದಿಲ್ಲ, ತುದಿಯ ಹಿಮವೂ ಪೂರ್ತಿ ಬೀಳುವುದಿಲ್ಲ, ಕಾಡಿನ ಹಾದಿಗಳು ನಡಿಗೆಯ ದೂರದಲ್ಲಿ. ಲೇಕ್‌ಸೈಡ್ ಮತ್ತು ಲೆಸ್ಟರ್ ಪಾರ್ಕ್ ಚೆಂದದ ಬಡಾವಣೆಗಳು, ಬೀದಿಗಳೂ ಅಲ್ಲಿ ಅಷ್ಟು ಕಡಿದಲ್ಲ. ಆದರೆ ಜೂನ್ ಮೊದಲ ವಾರದಲ್ಲೂ ಸ್ವೆಟರ್ ಬೇಕಾದೀತು ಎಂಬುದನ್ನು ಒಪ್ಪಿಕೊಂಡು ಹೋಗಿ. ಡುಲೂತ್ ಹೈಟ್ಸ್, ಪಕ್ಕದ ಹರ್ಮನ್‌ಟೌನ್ ಕಡೆ ಹೊಸ ಮನೆ, ಸಮತಟ್ಟು ಜಾಗ, ಅಂಗಡಿ ಹತ್ತಿರ. ಬದಲಿಗೆ ಎಲ್ಲಕ್ಕೂ ಕಾರು ಬೇಕು. ಪಾರ್ಕ್ ಪಾಯಿಂಟ್ ಮರಳ ದಿಬ್ಬ ನೋಡಿದರೆ ಮನಸೋಲುತ್ತದೆ, ಆದರೆ ಅಲ್ಲಿಗೆ ಇರುವುದು ಏರಿಯಲ್ ಲಿಫ್ಟ್ ಬ್ರಿಡ್ಜ್ ಒಂದೇ ದಾರಿ. ಹಡಗು ಬಂದಾಗ ಸೇತುವೆ ಮೇಲೇಳುತ್ತದೆ, ನೀವು ಕಾಯಬೇಕು. ಆಸ್ಪತ್ರೆ ಕೆಲಸದವರಿಗೆ ಅದು ಹೊಂದುವುದಿಲ್ಲ.

ಸಂಖ್ಯೆಯ ‘ಸ್ಟ್ರೀಟ್’ಗಳು ಗುಡ್ಡಕ್ಕೆ ಅಡ್ಡಲಾಗಿ, ‘ಅವೆನ್ಯೂ’ಗಳು ಗುಡ್ಡ ಏರುತ್ತ ಹೋಗುತ್ತವೆ. ಮನೆಯ ಗ್ಯಾರೇಜ್ ಕಡಿದಾದ ಅವೆನ್ಯೂವಿಗೆ ತೆರೆದುಕೊಂಡರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಬೀದಿಯಲ್ಲೇ ಕಾರು ನಿಲ್ಲಿಸಬೇಕಾದ ಮನೆಯಾದರೆ ಈ ಊರಿನ ನಿಯಮವನ್ನು ಮೊದಲ ದಿನವೇ ಕಲಿಯಿರಿ: ವಾರಕ್ಕೊಮ್ಮೆ, ಭಾನುವಾರ ಸಂಜೆ 4ರಿಂದ 8ರೊಳಗೆ, ಕಾರನ್ನು ಬೀದಿಯ ಇನ್ನೊಂದು ಬದಿಗೆ ಸರಿಸಬೇಕು. ಹಿಮ ತೆಗೆಯುವ ವಾಹನಕ್ಕೆ ಒಂದು ಬದಿ ಖಾಲಿ ಸಿಗಲೆಂದು ಈ ವ್ಯವಸ್ಥೆ. ದೊಡ್ಡ ಹಿಮದ ದಿನ ನಗರಸಭೆ ‘ಸ್ನೋ ಎಮರ್ಜೆನ್ಸಿ’ ಘೋಷಿಸಿದರೆ ಗುರುತಿಸಿದ ಮುಖ್ಯ ಬೀದಿಗಳಲ್ಲಿ ಎರಡೂ ಬದಿ ಖಾಲಿ ಮಾಡಬೇಕು. ಮಾಡದಿದ್ದರೆ ಕಾರು ಎತ್ತಿಕೊಂಡು ಹೋಗುತ್ತಾರೆ.

ಮನೆಯೊಳಗಿನ ಹಬೆ

ಭಾರತೀಯ ಕುಟುಂಬಗಳು ಇಲ್ಲಿ ಹೆಚ್ಚು ಎಡವುವುದು ಇದರಲ್ಲಿ. ಡುಲೂತ್‌ನ ಬಹಳಷ್ಟು ಮನೆಗಳು ಎರಡನೇ ಮಹಾಯುದ್ಧಕ್ಕೂ ಮೊದಲಿನವು. ಹೊರಗೆ ಮೈನಸ್ 20 ಇರುವಾಗ ಒಳಗೆ ದಿನಕ್ಕೆರಡು ಸಲ ಕುಕ್ಕರ್ ಕೂಗಿ, ಸಾರು ಕುದಿದು, ಬಟ್ಟೆಯನ್ನೂ ಒಳಗೇ ಒಣಗಿಸಿದರೆ ಆ ನೀರಿನಂಶ ಎಲ್ಲಿಗೆ ಹೋಗಬೇಕು? ಮೊದಲು ಕಿಟಕಿಯ ಗಾಜಿನ ಒಳಮೈಗೆ ಬೆವರಾಗಿ ಕೂರುತ್ತದೆ, ರಾತ್ರಿ ಗಾಜಿನ ಕೆಳ ಅಂಚಿನಲ್ಲಿ ಮಂಜುಗಡ್ಡೆಯಾಗುತ್ತದೆ, ಬೆಳಿಗ್ಗೆ ಕರಗಿ ಮರದ ಚೌಕಟ್ಟಿಗೆ ಇಳಿಯುತ್ತದೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಇನ್ನಷ್ಟು ಹಬೆ ಕೋಣೆಯ ಒಳಚಾವಣಿಯ ಸಂದುಗಳಿಂದ ಅಟ್ಟ ಸೇರಿ, ಮಾಡಿನ ಹಲಗೆಗೆ ಅಂಟಿ ಹೆಪ್ಪುಗಟ್ಟಿ, ಮಾರ್ಚ್‌ನಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ. ಮಾಡು ಸೋರುತ್ತಿದೆ ಎಂದುಕೊಂಡು ಮಾಡಿನವರನ್ನು ಕರೆಸುತ್ತಾರೆ, ತಪ್ಪು ಅಡುಗೆಮನೆಯಲ್ಲಿರುತ್ತದೆ.

ಆರ್ದ್ರತೆ ತೋರಿಸುವ ಹೈಗ್ರೋಮೀಟರ್ ಒಂದನ್ನು ತಂದಿಡಿ, ಹತ್ತು-ಹದಿನೈದು ಡಾಲರ್‌ಗೆ ಸಿಗುತ್ತದೆ. ಹೊರಗೆ ಸೊನ್ನೆಯ ಹತ್ತಿರ ಇದ್ದರೆ ಒಳಗೆ ಶೇ 40ರವರೆಗೆ ಪರವಾಗಿಲ್ಲ. ಮೈನಸ್ 10 ಆದರೆ ಶೇ 30ರ ಸುತ್ತ, ಮೈನಸ್ 20ಕ್ಕಿಂತ ಕೆಳಗೆ ಹೋದರೆ ಶೇ 20-25ಕ್ಕೆ ಇಳಿಸಿ. ಗಂಟಲು, ತುಟಿ ಒಣಗುತ್ತವೆ ನಿಜ. ಅದಕ್ಕೆ ಮೂಗಿಗೆ ಸಲೈನ್, ಮೈಗೆ ಎಣ್ಣೆ ಸಾಕು, ಇಡೀ ಮನೆಗೆ ಹ್ಯುಮಿಡಿಫೈಯರ್ ಹಾಕಬೇಡಿ.

ಮನೆ ನೋಡಲು ಹೋದಾಗ ಒಲೆಯ ಮೇಲಿನ ಫ್ಯಾನ್ ಹಾಕಿ, ಗಾಳಿ ಎಲ್ಲಿ ಹೊರಬರುತ್ತದೆ ನೋಡಿ. ಬಹಳ ಮನೆಗಳಲ್ಲಿ ಅದು ಬರೀ ಜಾಲರಿ ಮೂಲಕ ಸೋಸಿ ವಾಪಸ್ ಅಡುಗೆಮನೆಗೇ ಬಿಡುತ್ತದೆ. ಒಗ್ಗರಣೆಯ ಘಾಟಿಗೂ ಹಬೆಗೂ ಅದರಿಂದ ಪ್ರಯೋಜನವಿಲ್ಲ. ಕೊಳವೆ ಮೂಲಕ ಹೊರಗೆ ಹೋಗುವಂಥದ್ದಾದರೆ ಹೊರಗೋಡೆಯಲ್ಲಿ ಅದರ ಮುಚ್ಚಳ ಅಲ್ಲಾಡುವುದು ಕಾಣಬೇಕು. ಇಲ್ಲದಿದ್ದರೆ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿ. ಆದರೆ ‘ದೊಡ್ಡದೇ ಇರಲಿ’ ಅಂತ ನಿಮಿಷಕ್ಕೆ 400 ಘನ ಅಡಿಗೂ ಹೆಚ್ಚು ಎಳೆಯುವ ಫ್ಯಾನ್ ಹಾಕಿಸಬೇಡಿ. ಹಳೆಯ ಮಾದರಿಯ ಗ್ಯಾಸ್ ವಾಟರ್ ಹೀಟರ್ ಇರುವ, ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅಷ್ಟು ಗಾಳಿ ಹೊರಗೆಳೆದರೆ ಬದಲಿ ಗಾಳಿ ಚಿಮಣಿಯ ಮೂಲಕ ಒಳಬರುತ್ತದೆ, ಹೀಟರಿನ ಹೊಗೆಯನ್ನೂ ಜೊತೆಗೆ ತರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮಿನ್ನೆಸೋಟದ ಕಾನೂನಿನಂತೆ ಪ್ರತಿ ಮಲಗುವ ಕೋಣೆಯಿಂದ 10 ಅಡಿಯೊಳಗೆ ಅದರ ಅಲಾರಂ ಇರಲೇಬೇಕು. ಬಾಡಿಗೆ ಮನೆಯಾದರೂ ಬಟನ್ ಒತ್ತಿ, ಕೂಗುತ್ತದೆಯೇ ನೋಡಿಯೇ ಒಳಗೆ ಹೋಗಿ.

ಮನೆ ಬಿಸಿಮಾಡುವ ಹೊಸ ಫರ್ನೇಸ್‌ಗಳಲ್ಲಿ ಗಾಳಿ ಎಳೆಯುವ, ಹೊಗೆ ಬಿಡುವ ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳು ಗೋಡೆಯಿಂದ ಹೊರಚಾಚಿರುತ್ತವೆ. ಹಿಮ ಅವನ್ನು ಮುಚ್ಚಿದರೆ ಫರ್ನೇಸ್ ತಾನಾಗಿ ನಿಲ್ಲುತ್ತದೆ, ನಡುರಾತ್ರಿ ಮನೆ ತಣ್ಣಗಾಗುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಸಲಿಕೆ ಹಿಡಿದು ಆ ಕೊಳವೆಗಳ ಸುತ್ತ ಬಿಡಿಸಿ. ಫಿಲ್ಟರನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ; ಬೆಳಕು ಕಾಣದಿದ್ದರೆ ಬದಲಿಸಿ. ಊರಿಗೆ ಹೋಗುವಾಗ ಥರ್ಮೋಸ್ಟಾಟ್ 13 ಡಿಗ್ರಿಗಿಂತ ಕೆಳಗಿಳಿಸಬೇಡಿ. ಹೊರಗೋಡೆಯ ಪಕ್ಕದ ಸಿಂಕ್‌ನ ಕೆಳಗಿನ ಬಾಗಿಲು ತೆರೆದಿಟ್ಟು ಹೋಗಿ, ಇಲ್ಲವಾದರೆ ನಲ್ಲಿ ಕೊಳವೆ ಒಳಗೇ ಹೆಪ್ಪುಗಟ್ಟಿ ಒಡೆಯುತ್ತದೆ.

ಬಾಡಿಗೆ ಒಪ್ಪುವ ಮೊದಲು ಕಳೆದ ಹನ್ನೆರಡು ತಿಂಗಳ ಗ್ಯಾಸ್ ಮತ್ತು ವಿದ್ಯುತ್ ಬಿಲ್ ಕೇಳಿ. ಬಿಲ್ ಹೇಳುವಷ್ಟು ನಿಜವನ್ನು ಮನೆಯ ಬಗ್ಗೆ ಯಾರೂ ಹೇಳುವುದಿಲ್ಲ. ನೈಸರ್ಗಿಕ ಅನಿಲದ ಬಿಸಿ ಅಗ್ಗ, ಗೋಡೆಯ ಬುಡಕ್ಕೆ ಕೂರಿಸುವ ಬೇಸ್‌ಬೋರ್ಡ್ ವಿದ್ಯುತ್ ಹೀಟರ್ ದುಬಾರಿ. ನೆಲಮಾಳಿಗೆಯಲ್ಲಿ ಯಾರಾದರೂ ಮಲಗುವಂತಿದ್ದರೆ ಚಳಿಗಾಲದಲ್ಲೇ ರೇಡಾನ್ ಪರೀಕ್ಷೆ ಮಾಡಿಸಿ. ನೆಲದಿಂದ ಬರುವ ಈ ವಿಕಿರಣ ಅನಿಲ ಮಿನ್ನೆಸೋಟದಲ್ಲಿ ಐದು ಮನೆಗಳಲ್ಲಿ ಎರಡರಲ್ಲಿ ಮಿತಿ ಮೀರಿರುತ್ತದೆಂದು ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಅಳತೆ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಮಾನ) ದಾಟಿದರೆ ಕೊಳವೆ-ಫ್ಯಾನ್ ಹಾಕಿಸಿ ಹೊರಹಾಕಬೇಕು. ಕುಡಿಯುವ ನೀರು ಸುಪೀರಿಯರ್ ಸರೋವರದ್ದೇ, ಬಹಳ ಚೆನ್ನಾಗಿದೆ. ಆದರೆ ಹಳೆಯ ಮನೆಗೆ ನೀರು ತರುವ ಕೊಳವೆ ಸೀಸದ್ದಿರಬಹುದು. ನೆಲಮಾಳಿಗೆಯಲ್ಲಿ ಹೊರಗಿನಿಂದ ನೀರಿನ ಮೀಟರಿಗೆ ಬಂದು ಸೇರುವ ಕೊಳವೆಯನ್ನು ನಾಣ್ಯದಿಂದ ಕೆರೆಯಿರಿ: ಮೆತ್ತಗಿದ್ದು, ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಸೀಸ. ಹಾಗಿದ್ದರೆ ನಗರಸಭೆಗೆ ತಿಳಿಸಿ. ಕೊಳವೆ ಬದಲಾಗುವವರೆಗೆ ಮಕ್ಕಳಿಗೆ ಸೀಸ ಸೋಸುವ ಫಿಲ್ಟರಿನ ನೀರು ಕೊಡಿ.

ಒಂದು ವೇಳೆ ಬಿಲ್ ಕಟ್ಟಲು ತೊಂದರೆಯಾದರೆ ಮುಚ್ಚಿಟ್ಟುಕೊಳ್ಳಬೇಡಿ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ರಾಜ್ಯದಲ್ಲಿ ‘ಕೋಲ್ಡ್ ವೆದರ್ ರೂಲ್’ ಜಾರಿಯಲ್ಲಿರುತ್ತದೆ. ಕಂಪನಿಗೆ ಫೋನ್ ಮಾಡಿ ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ಕಟ್ಟುತ್ತ ಹೋದರೆ ಮನೆಯ ಬಿಸಿ ಕಡಿತ ಮಾಡುವಂತಿಲ್ಲ. ಫೋನ್ ಮಾಡದೆ ಸುಮ್ಮನಿದ್ದವರಿಗೆ ಈ ರಕ್ಷಣೆ ಇಲ್ಲ.

ಮಕ್ಕಳು ಹೊರಗೆ

ಬಿಡಬಹುದು, ಬಿಡದಿದ್ದರೂ ಶಾಲೆಯವರು ಬಿಡುತ್ತಾರೆ. ವಿಪರೀತ ಚಳಿಯ ದಿನ ಬಿಟ್ಟರೆ ಆಟದ ಬಿಡುವು ಹೊರಗೇ. ಆದ್ದರಿಂದ ಪ್ರತಿ ಮಗುವಿಗೆ ಹಿಮದ ಪ್ಯಾಂಟ್, ನೀರು ಒಳಹೋಗದ ಬೂಟು, ಕತ್ತು ಮುಚ್ಚುವ ಪಟ್ಟಿ, ಕಿವಿ ಮುಚ್ಚುವ ಟೊಪ್ಪಿಗೆ, ಮತ್ತು ಎರಡು ಜೊತೆ ಕೈಗವಸು ಬೇಕು. ಎರಡನೆಯದು ಬ್ಯಾಗಿನಲ್ಲೇ ಇರಲಿ, ಮೊದಲನೆಯದು ಬೆಳಗಿನ ಬಿಡುವಿಗೇ ಒದ್ದೆಯಾಗಿರುತ್ತದೆ. ಬೆರಳು ಬೆರಳಾಗಿರುವ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ‘ಮಿಟನ್’ ಬೆಚ್ಚಗೆ. ಬೂಟು ಅರ್ಧ ಸೈಜ್ ದೊಡ್ಡದಿರಲಿ. ಬಿಗಿ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತ ಸಂಚಾರ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಒಂದೇ ಸಾಕು.

ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಹತ್ತಿ ಬೆವರು ಹಿಡಿದಿಟ್ಟುಕೊಂಡು ಮೈ ತಣ್ಣಗೆ ಮಾಡುತ್ತದೆ. ಒಳಗೆ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಇವನ್ನೆಲ್ಲ ಬೆಂಗಳೂರಿನಲ್ಲಿ ಕೊಂಡು ಪೆಟ್ಟಿಗೆ ತುಂಬಬೇಡಿ. ಮಿನ್ನೆಸೋಟದಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ; ಮಕ್ಕಳ ಹಿಮದ ಬಟ್ಟೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹೇರಳ. ಒಂದು ಎಚ್ಚರಿಕೆ: ಕಾರಿನ ಚೈಲ್ಡ್ ಸೀಟಿನಲ್ಲಿ ಉಬ್ಬಿದ ಜಾಕೆಟ್ ಮೇಲೆ ಬೆಲ್ಟ್ ಹಾಕಬೇಡಿ. ಅಪಘಾತದಲ್ಲಿ ಜಾಕೆಟ್ ಅಪ್ಪಚ್ಚಿಯಾಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿ ಹೊರಬರುತ್ತದೆ. ಜಾಕೆಟ್ ಬಿಚ್ಚಿ ಬೆಲ್ಟ್ ಬಿಗಿದು, ಜಾಕೆಟನ್ನು ಮೇಲೆ ಹೊದಿಸಿ.

ಬರೀ ತಾಪಮಾನ ನೋಡಬೇಡಿ, ಗಾಳಿಯನ್ನೂ ಸೇರಿಸಿದ ‘ವಿಂಡ್ ಚಿಲ್’ ನೋಡಿ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 28. ತೆರೆದ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಸರೋವರದ ದಂಡೆಗೆ ಹೋಗದೆ ಕಾಡಿನೊಳಗೆ ಹೋಗಿ. ಊರೊಳಗಿನ ಹಾರ್ಟ್‌ಲಿ ಕಾಡಿನ ಪೈನ್ ಮರಗಳ ನಡುವೆ ಗಾಳಿ ಅರ್ಧಕ್ಕರ್ಧ ಸತ್ತಿರುತ್ತದೆ. ಹೀಗೆ ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಮೊದಲು ಮೂಗಿನ ತುದಿ, ಕೆನ್ನೆ, ಕಿವಿಯಲ್ಲಿ ಕಾಣಿಸುತ್ತದೆ. ಬೆಳ್ಳಗಿನ ಚರ್ಮದವರಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ, ನಮ್ಮ ಮೈಬಣ್ಣದಲ್ಲಿ ಬೂದು ಬಣ್ಣಕ್ಕೆ ತಿರುಗಿ ಮೇಣ ಹಚ್ಚಿದಂತೆ ಕಾಣುತ್ತದೆ, ಸುಲಭಕ್ಕೆ ಗೊತ್ತಾಗುವುದಿಲ್ಲ. ಮಗು ‘ಉರಿಯುತ್ತೆ’ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ‘ಏನೂ ಆಗ್ತಿಲ್ಲ’ ಅಂದರೆ ಅದೇ ಲಕ್ಷಣ. ಉಜ್ಜಬೇಡಿ, ಹಿಮ ತಿಕ್ಕಬೇಡಿ, ಹೀಟರ್ ಎದುರು ಹಿಡಿಯಬೇಡಿ. ಒಳಗೆ ಬಂದು 37-39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ; ಗುಳ್ಳೆ ಎದ್ದರೆ ಅಥವಾ ಸ್ಪರ್ಶ ಮರಳದಿದ್ದರೆ ಡಾಕ್ಟರ ಬಳಿ ಹೋಗಿ.

ಏನು ಆಡಿಸುವುದು? ಚೆಸ್ಟರ್ ಬೌಲ್‌ನಲ್ಲಿ ಮಕ್ಕಳಿಗೇ ಹೇಳಿಮಾಡಿಸಿದ ಸಣ್ಣ ಸ್ಕೀ ಇಳಿಜಾರಿದೆ, ಸಲಕರಣೆಯೂ ಕಡಿಮೆ ದರಕ್ಕೆ ಸಿಗುತ್ತದೆ. ಅಲ್ಲಿ ಶುರುಮಾಡಿ, 700 ಅಡಿ ಇಳಿಜಾರಿನ ಸ್ಪಿರಿಟ್ ಮೌಂಟನ್‌ಗೆ ಎರಡನೇ ವರ್ಷ ಹೋಗಿ. ಬಡಾವಣೆಗಳ ಬಯಲು ಸ್ಕೇಟಿಂಗ್ ರಿಂಕ್‌ಗಳು ಚಳಿ ಗಟ್ಟಿಯಾದ ಮೇಲೆ ತೆರೆಯುತ್ತವೆ. ದೊಡ್ಡವರಿಗೆ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಷ್ಟು ಒಳ್ಳೆಯ ಚಳಿಗಾಲದ ವ್ಯಾಯಾಮ ಇನ್ನೊಂದಿಲ್ಲ. ಹಾರ್ಟ್‌ಲಿ, ಲೆಸ್ಟರ್ ಪಾರ್ಕ್, ಚೆಸ್ಟರ್ ಮೂರೂ ಕಡೆ ಹಾದಿ ಸಿದ್ಧಪಡಿಸಿರುತ್ತಾರೆ. 16 ತುಂಬಿದವರಿಗೆ ರಾಜ್ಯದ ಸ್ಕೀ ಪಾಸ್ ಬೇಕು. ಆ ಹಾದಿಯ ಮೇಲೆ ಬೂಟಿನಲ್ಲಿ ನಡೆಯಬೇಡಿ. ಸ್ಕೀ ಜಾರಲೆಂದು ಕೊರೆದ ಗೀರುಗಳು ಹಾಳಾಗುತ್ತವೆ, ಜನ ಸರಿಯಾಗಿಯೇ ಬೈಯುತ್ತಾರೆ. ಬರೀ ನಡಿಗೆ ಬೇಕಿದ್ದರೆ ಸರೋವರದ ದಂಡೆಯ ಕಾಲುದಾರಿ ಲೇಕ್‌ವಾಕ್ ಇದೆ. ಬೂಟಿಗೆ ಮುಳ್ಳಿನ ಪಟ್ಟಿ ಹಾಕಿಕೊಂಡು ಹೊರಡಿ.

ಹೆಪ್ಪುಗಟ್ಟಿದ ನೀರಿನ ಮೇಲೆ ಹೋಗುವ ಮೊದಲು ಮಂಜುಗಡ್ಡೆಯ ದಪ್ಪ ಅಳೆಯಿರಿ. ಹೊಸ, ಪಾರದರ್ಶಕ ಮಂಜುಗಡ್ಡೆ ಕನಿಷ್ಠ 4 ಇಂಚು ಇದ್ದರೆ ನಡೆಯಬಹುದು. ಬೆಳ್ಳಗೆ ಮೊಸರಿನಂತೆ ಕಂಡರೆ ಅದರ ಎರಡರಷ್ಟು ಬೇಕು. ಈ ಲೆಕ್ಕ ಸಣ್ಣ ಕೆರೆಗಳಿಗೆ ಮಾತ್ರ. ಸುಪೀರಿಯರ್ ಸರೋವರದ ಮೇಲಿನ ಮಂಜುಗಡ್ಡೆಯನ್ನು ಎಷ್ಟು ದಪ್ಪವಿದ್ದರೂ ನಂಬಬೇಡಿ. ದಂಡೆಯಿಂದಾಚೆಗೆ ಗಾಳಿ ತಿರುಗಿದರೆ ಇಡೀ ಹಾಳೆ ಮುರಿದು, ಮೇಲಿದ್ದವರ ಸಮೇತ ತೇಲಿಹೋಗುತ್ತದೆ.

ಕತ್ತಲಿನ ಬಗ್ಗೆ ಒಂದು ಮಾತು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ 7.50ಕ್ಕೆ ಹುಟ್ಟಿ 4.20ಕ್ಕೆ ಮುಳುಗುತ್ತಾನೆ, ಹಗಲು ಎಂಟೂವರೆ ಗಂಟೆ. ದಾವಣಗೆರೆಯಲ್ಲಿ ಆ ದಿನ ಹನ್ನೊಂದು ಗಂಟೆಗೂ ಹೆಚ್ಚು. ಆದರೆ ಮನಸ್ಸಿಗೆ ಭಾರವಾಗುವುದು ಡಿಸೆಂಬರ್‌ಗಿಂತ ನವೆಂಬರ್: ಮೋಡ ಹೆಚ್ಚು, ಹಿಮದ ಬಿಳುಪೂ ಇನ್ನೂ ಬಂದಿರುವುದಿಲ್ಲ. ಅಕ್ಟೋಬರ್ ಕೊನೆಯಿಂದಲೇ ಬೆಳಿಗ್ಗೆ ಎದ್ದೊಡನೆ 20-30 ನಿಮಿಷ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂತು ಕಾಫಿ ಕುಡಿಯಿರಿ. ರಜೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಹೊರಗಿರಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಈ ಅಕ್ಷಾಂಶದ ಬಿಸಿಲಿನಿಂದ ಚರ್ಮ ವಿಟಮಿನ್ ಡಿ ತಯಾರಿಸುವುದಿಲ್ಲವೆಂದೇ ಇಟ್ಟುಕೊಳ್ಳಿ. ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಿ; ಸಸ್ಯಾಹಾರಿಗಳಾದರೆ ಬಿ12ನ್ನೂ ಜೊತೆಗೇ ನೋಡಿಸಿ.

ಕಾರು

ಆಲ್‌ವೀಲ್ ಡ್ರೈವ್ ಇದ್ದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಅದು ಗುಡ್ಡ ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಟೈರ್. 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಮೂರು ಶಿಖರ, ನಡುವೆ ಹಿಮದ ಹರಳಿನ ಗುರುತಿರುವ ವಿಂಟರ್ ಟೈರ್ ನಾಲ್ಕಕ್ಕೆ ನಾಲ್ಕೂ ಹಾಕಿಸಿ. ಮೊಳೆಯ ಟೈರ್ ಮಿನ್ನೆಸೋಟದ ನಿವಾಸಿಗಳಿಗೆ ನಿಷಿದ್ಧ. ಮೈನಸ್ 9ಕ್ಕಿಂತ ಕೆಳಗೆ ರಸ್ತೆಗೆ ಹಾಕುವ ಉಪ್ಪು ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಆಗ ಹಾಕುವುದು ಮರಳು, ಅದರ ಮೇಲೆ ಸಡನ್ ಬ್ರೇಕ್ ಹಾಕಿದರೆ ಜಾರುತ್ತದೆ. ಇಳಿಜಾರಿನಲ್ಲಿ ಮೊದಲೇ ಸಣ್ಣ ಗೇರಿಗೆ ಇಳಿಸಿ. ಮೈನಸ್ 18ರಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಅಕ್ಟೋಬರ್‌ನಲ್ಲೇ ಪರೀಕ್ಷಿಸಿ. ಗ್ಯಾರೇಜ್ ಇಲ್ಲದಿದ್ದರೆ ರಾತ್ರಿ ಪ್ಲಗ್ ಮಾಡಿದರೆ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕಿಸಿ. ಗಾಜು ತೊಳೆಯುವ ದ್ರವ ಮೈನಸ್ 29ರವರೆಗೆ ಹೆಪ್ಪುಗಟ್ಟದಂಥದ್ದೇ ಇರಲಿ. ಬೇಸಿಗೆಯದು ಉಳಿದಿದ್ದರೆ ಖಾಲಿ ಮಾಡಿ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಮರಳಿನ ಚೀಲ, ಟಾರ್ಚ್ ಇಡಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗದಿರಲಿ.

‘ಸುರಕ್ಷಿತ ಊರು’ ಎಂಬ ಮಾತು

ಈ ಹೆಸರು ಬಂದದ್ದು 2019ರಲ್ಲಿ. ಆಗ ಹಾರ್ವರ್ಡ್‌ನಲ್ಲಿದ್ದ ಜೆಸ್ಸಿ ಕೀನನ್ ಎಂಬ ಸಂಶೋಧಕರು, ಬಿಸಿಯಾಗುತ್ತಿರುವ ದೇಶದಲ್ಲಿ ಜನ ವಲಸೆ ಬರಬಹುದಾದ ಊರಾಗಿ ಡುಲೂತನ್ನು ಮುಂದಿಟ್ಟರು. ತಂಪು, ಸಿಹಿನೀರು, ಸಮುದ್ರದ ಚಂಡಮಾರುತವಿಲ್ಲ ಎಂಬುದೆಲ್ಲ ನಿಜ. ಆದರೆ ಇದನ್ನು ನಂಬಿ ಮನೆ ಕೊಳ್ಳುವವರು ಇನ್ನೊಂದು ಮುಖವನ್ನೂ ನೋಡಬೇಕು. 2012ರ ಜೂನ್ 19-20ರಂದು ಊರಿನ ಕೆಲವೆಡೆ 8ರಿಂದ 10 ಇಂಚು ಮಳೆ ಸುರಿದು, ಗುಡ್ಡದಿಂದ ಇಳಿಯುವ ತೊರೆಗಳು ರಸ್ತೆಗಳನ್ನೇ ಕಿತ್ತುಕೊಂಡು ಹೋದವು, ಮೃಗಾಲಯದ ಪ್ರಾಣಿಗಳು ಮುಳುಗಿ ಸತ್ತವು. ಊರೊಳಗೆ 40ಕ್ಕೂ ಹೆಚ್ಚು ತೊರೆಗಳಿವೆ, ಕೆಲವು ಬೀದಿಯ ಕೆಳಗೆ ಕೊಳವೆಯಲ್ಲಿ ಹರಿಯುತ್ತವೆ. ಮನೆ ಕೊಳ್ಳುವ ಹಂತಕ್ಕೆ ಬಂದಾಗ ಹತ್ತಿರದ ತೊರೆ ಯಾವುದು, ಎಲ್ಲಿ ಕೊಳವೆ ಸೇರುತ್ತದೆ, ನೆಲಮಾಳಿಗೆಯಲ್ಲಿ ನೀರು ಹೊರಹಾಕುವ ಸಂಪ್ ಪಂಪ್ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ. 2017 ಮತ್ತು 2018ರ ಅಕ್ಟೋಬರ್ ಬಿರುಗಾಳಿಗಳು ಲೇಕ್‌ವಾಕನ್ನೇ ಒಡೆದುಹಾಕಿದ್ದವು.

ಬೇಸಿಗೆಯಲ್ಲಿ ಕೆನಡಾದ, ಕೆಲವೊಮ್ಮೆ ಪಕ್ಕದ ಕಾಡುಗಳದ್ದೇ, ಬೆಂಕಿಯ ಹೊಗೆ ಬರುತ್ತದೆ. 2021, 2023, 2025 ಮೂರೂ ವರ್ಷ ಬಂದಿದೆ. ಎ.ಸಿ. ಇಲ್ಲದ ಹಳೆಯ ಮನೆಗಳಲ್ಲಿ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಹೊಗೆ. ಫರ್ನೇಸ್‌ಗೆ ಹೊಗೆಯ ಸಣ್ಣ ಕಣ ಹಿಡಿಯುವ ಮೆರ್ವ್ 13 ದರ್ಜೆಯ ಫಿಲ್ಟರ್ ಹಾಕಿ ಬರೀ ಫ್ಯಾನ್ ಓಡಿಸಬಹುದು. ಫರ್ನೇಸ್ ಬದಲು ಬಿಸಿನೀರಿನ ರೇಡಿಯೇಟರ್ ಇರುವ ಮನೆಯಾದರೆ ಮಲಗುವ ಕೋಣೆಗೊಂದು ಹೆಪಾ ಏರ್ ಪ್ಯೂರಿಫೈಯರ್ ಬೇಕು. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದ ದಿನ ಮಕ್ಕಳನ್ನು ಓಡಿಸಬೇಡಿ. ಚಳಿಗಾಲವೂ ಮೊದಲಿನಂತಿಲ್ಲ. 2022-23ರಲ್ಲಿ ದಾಖಲೆಯ 140.1 ಇಂಚು ಹಿಮ ಬಿತ್ತು. ಮರುವರ್ಷ ಹಿಮವೇ ಇಲ್ಲದೆ, 2024ರ ಬೇರ್‌ಗ್ರೀಸ್ ನಾಯಿ-ಜಾರುಬಂಡಿ ಓಟ ರದ್ದಾಯಿತು. ಹಾಗಾಗಿ ಸ್ಕೀ ಸಲಕರಣೆ ಮೊದಲ ವರ್ಷ ಬಾಡಿಗೆಗೇ ಇರಲಿ.

ಅತ್ತೆ-ಮಾವ ಯಾವಾಗ?

ಜುಲೈ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ನಮ್ಮ ಕಡೆಯವರು ರಜೆ ಎಂದರೆ ಏಪ್ರಿಲ್-ಮೇ ಎಂದುಕೊಳ್ಳುತ್ತಾರೆ; ಇಲ್ಲಿ ಅದೇ ಅತಿ ಕೆಟ್ಟ ಕಾಲ. ಹಿಮ ಕರಗಿ ಕೆಸರು, ಸರೋವರದಿಂದ ಮಂಜು, ಕಾಡಿನ ಹಾದಿಗಳೂ ನೆಲ ಒಣಗುವವರೆಗೆ ಬಂದ್. ಸೆಪ್ಟೆಂಬರ್ ಹಿರಿಯರಿಗೆ ಬಹಳ ಒಳ್ಳೆಯದು: ಸೊಳ್ಳೆ ಕಡಿಮೆ, ಹಗಲು ಹಿತ, ತಿಂಗಳ ಮಧ್ಯಕ್ಕೆ ಹಾಕ್ ರಿಡ್ಜ್ ಎಂಬ ಗುಡ್ಡದ ಮೇಲೆ ದಕ್ಷಿಣಕ್ಕೆ ಹೊರಟ ಗಿಡುಗಗಳು ಒಂದೊಂದು ದಿನ ಸಾವಿರಗಟ್ಟಲೆ ಹಾದುಹೋಗುತ್ತವೆ. ಅದು ಕಾರು ಹೋಗುವ ಜಾಗ, ಮಡಚುವ ಕುರ್ಚಿ ಹಾಕಿಕೊಂಡು ಕೂರಬಹುದು. ಪೂರ್ವದ ಗಾಳಿಯ ದಿನ ಹೋಗಬೇಡಿ, ಹಕ್ಕಿ ಬರುವುದಿಲ್ಲ. ವಾಯವ್ಯದ ಗಾಳಿ ಬೀಸಿದ ದಿನ ಹೋಗಿ. ಒಳನಾಡಿನ ಮೇಪಲ್ ಮರಗಳು ಸೆಪ್ಟೆಂಬರ್ ಕೊನೆಗೆ ಕೆಂಪಾಗುತ್ತವೆ, ದಂಡೆಯ ಬರ್ಚ್ ಅಕ್ಟೋಬರ್ ಮೊದಲಿಗೆ ಹಳದಿ.

ಜುಲೈ-ಆಗಸ್ಟ್‌ನಲ್ಲಿ ಪಾರ್ಕ್ ಪಾಯಿಂಟ್ ಮರಳಿಗೆ ಮಕ್ಕಳನ್ನು ಕರೆದೊಯ್ಯಿರಿ, ಆದರೆ ದಂಡೆಯಲ್ಲಿ ಕೆಂಪು ಬಾವುಟ ಇದ್ದರೆ ಮೊಣಕಾಲಿನ ಆಳಕ್ಕೂ ಇಳಿಸಬೇಡಿ, ಸೆಳೆತ ಇರುತ್ತದೆ. ನಿನ್ನೆ 18 ಡಿಗ್ರಿ ಇದ್ದ ನೀರು ದಂಡೆಯಿಂದಾಚೆಗೆ ಗಾಳಿ ಬೀಸಿದರೆ, ಆಳದ ತಣ್ಣೀರು ಮೇಲೆದ್ದು, ಇಂದು 8 ಆಗಿರಬಹುದು. ಕೈ ಅದ್ದಿ ನೋಡಿಯೇ ಇಳಿಯಿರಿ. ಈಜಲು ಗುಡ್ಡದಾಚೆಯ ಪೈಕ್ ಲೇಕ್‌ನಂಥ ಸಣ್ಣ ಕೆರೆಗಳೇ ವಾಸಿ. ಮೇ ತಿಂಗಳಿಂದಲೇ ಹುಲ್ಲಿನಲ್ಲಿ ನಡೆದು ಬಂದವರ ಮೈಯಲ್ಲಿ ಉಣುಗು ಹುಡುಕಿ. ಮಲೆನಾಡಿನ ನೆಂಟರಿದ್ದರೆ ಉಣುಗು ಎಂದರೆ ಮಂಗನ ಕಾಯಿಲೆ ಎಂದು ನಿಮಗೆ ಗೊತ್ತಿರುತ್ತದೆ. ಇಲ್ಲಿನ ಉಣುಗು ಲೈಮ್ ರೋಗ ತರುತ್ತದೆ. ಮಂಡಿಯ ಹಿಂದೆ, ಕಂಕುಳು, ಕೂದಲಿನ ಅಂಚು ನೋಡಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿತ್ತು ಅನ್ನಿಸಿದರೆ ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ.

ದೊಡ್ಡ ಭಾರತೀಯ ಅಂಗಡಿಗಳು, ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನ ಎಲ್ಲ ಮಿನಿಯಾಪೊಲಿಸ್ ಸುತ್ತಮುತ್ತ, ಸುಮಾರು 240 ಕಿಲೋಮೀಟರ್, ಎರಡೂವರೆ ಗಂಟೆ. ಅಕ್ಕಿ, ಬೇಳೆ, ರಾಗಿಹಿಟ್ಟು ಎರಡು ತಿಂಗಳಿಗಾಗುವಷ್ಟು ತನ್ನಿ; ತೊಗರಿಬೇಳೆಗೋಸ್ಕರ ಹಿಮದಲ್ಲಿ ಹೊರಡುವ ಪ್ರಮೇಯ ಬರಬಾರದು. ಹೊರಡುವ ಬೆಳಿಗ್ಗೆ ರಾಜ್ಯದ 511 ರಸ್ತೆ ಮಾಹಿತಿ ನೋಡಿ. ಹಿರಿಯರ ಟಿಕೆಟ್ ಮಾಡಿಸುವಾಗ ಡುಲೂತ್‌ನ ಸಣ್ಣ ವಿಮಾನವನ್ನು ಅಂತರರಾಷ್ಟ್ರೀಯ ವಿಮಾನಕ್ಕೆ ಒಂದು ಗಂಟೆಯ ಅಂತರದಲ್ಲಿ ಜೋಡಿಸಬೇಡಿ. ಗುಡ್ಡದ ಮೇಲಿನ ನಿಲ್ದಾಣಕ್ಕೆ ಮಂಜು ಕವಿದರೆ ವಿಮಾನ ಇಳಿಯುವುದಿಲ್ಲ. ಅವರನ್ನು ಮಿನಿಯಾಪೊಲಿಸ್‌ನಲ್ಲೇ ಇಳಿಸಿಕೊಂಡು, ಅಂದು ರಾತ್ರಿ ಅಲ್ಲೇ ಉಳಿದು, ಮರುದಿನ ಹಗಲಿನಲ್ಲಿ ಕಾರಿನಲ್ಲಿ ಕರೆತನ್ನಿ.